‘ಟಿಕ್’ ಅಂದರೆ ಬಾಳೆಹಣ್ಣು!

ತೇರು, ಜಾತ್ರೆಗಳಲ್ಲಿ ಬೆಂಡು-ಬತ್ತಾಸಿನ ಅಂಗಡಿ ದಾಟಿ ಆಟಿಕೆ ಹರವಿಕೊಂಡು ಕುಳಿತವರ ಹತ್ತಿರ ಹೋದರೆ ಅಲ್ಲೊಂದು ತಗಡಿನ ಕಪ್ಪೆ ಇರುತ್ತಿತ್ತು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಹೊಟ್ಟೆಯ ಕೆಳಗಿನ ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ‘ಟಿಕ್’, ಬಿಟ್ಟರೆ ‘ಟಕ್’. ಮಕ್ಕಳಿಗೆ ಅದು ದಿನವಿಡೀ ಸಾಕು. ಮಧ್ಯಾಹ್ನ ಊಟ ಮಾಡಿ ಒಂದು ಗಳಿಗೆ ಒರಗುವ ಹಿರಿಯರಿಗೆ ಅದಕ್ಕಿಂತ ದೊಡ್ಡ ವೈರಿ ಇನ್ನೊಂದಿರಲಿಲ್ಲ. ನಿಮ್ಮ ಮನೆಯ ಅಜ್ಜ-ಅಜ್ಜಿಯರನ್ನು ಕೇಳಿ ನೋಡಿ, ನೆನಪಿರುತ್ತದೆ.

ಆ ಕಪ್ಪೆಗೆ ಈಗ ದೊಡ್ಡ ಕೆಲಸ ಸಿಕ್ಕಿದೆ. ಪ್ರಾಣಿಗಳಿಗೆ ಪಾಠ ಹೇಳುವವರು ಅದೇ ಬಗೆಯ ಪುಟ್ಟ ಸಾಧನವನ್ನು ಕೈಯಲ್ಲಿ ಹಿಡಿದಿರುತ್ತಾರೆ. ಅದರ ಹೆಸರು ಕ್ಲಿಕ್ಕರ್. ನಾಯಿ, ಬೆಕ್ಕು, ಕುದುರೆ, ಕೋಳಿ, ಇಲಿ, ಎಲ್ಲಕ್ಕೂ ಅದು ಹೇಳುವುದು ಒಂದೇ ಮಾತು: “ಹಾಂ, ಇದೇ! ಈಗ ಮಾಡಿದೆಯಲ್ಲ, ಅದೇ ಸರಿ. ತಗೋ ನಿನ್ನ ತಿಂಡಿ.”

ಕಂಪ್ಲಿ ಕಡೆಯ ಗದ್ದೆ ದಾರಿಗಳಲ್ಲಿ ಎತ್ತಿನಗಾಡಿ ಹೊಡೆಯುವವರು ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ‘ಟ್ಲಕ್ ಟ್ಲಕ್’ ಎಂದರೆ ಎತ್ತು ಹೆಜ್ಜೆ ಕೀಳುತ್ತದಲ್ಲ, ಇದೂ ಅದೇ ಅಲ್ಲವೇ ಎಂದು ನೀವು ಕೇಳಬಹುದು. ಅಲ್ಲ. ಗಾಡಿಯವರ ಸದ್ದು ಕೆಲಸಕ್ಕೆ ಮುಂಚೆ ಬರುತ್ತದೆ. ಅದು ‘ನಡೆ’ ಎಂಬ ಅಪ್ಪಣೆ. ಕ್ಲಿಕ್ಕರ್‌ನ ಸದ್ದು ಕೆಲಸ ಆದ ಮೇಲೆ, ಆದ ಕ್ಷಣದಲ್ಲೇ ಬರುತ್ತದೆ. ಅದು ಮೇಷ್ಟ್ರು ಲೆಕ್ಕದ ಪಕ್ಕದಲ್ಲಿ ಹಾಕುವ ಸರಿ ಗುರುತು.

ಆ ಗುರುತು ಏಕೆ ಬೇಕು? ನಾಯಿಮರಿ ಕುಳಿತುಕೊಂಡಿತು ಅನ್ನಿ. ನೀವು ಎದ್ದು ಡಬ್ಬಿ ತೆಗೆದು ಬಿಸ್ಕತ್ತು ಕೈಗೆ ಬರುವಷ್ಟರಲ್ಲಿ ಅದು ಎದ್ದು ನಿಂತಿದೆ, ಬಾಲ ಆಡಿಸಿದೆ, ಒಮ್ಮೆ ಬೊಗಳಿಯೂ ಆಗಿದೆ. ಬಿಸ್ಕತ್ತು ಸಿಕ್ಕಿದ್ದು ಯಾವುದಕ್ಕೆ? ಮರಿಯ ಲೆಕ್ಕದಲ್ಲಿ ಬೊಗಳಿದ್ದಕ್ಕೆ! ಹೊಳೆ ತುಂಬಿ ಕಂಪ್ಲಿಯ ಸೇತುವೆ ಮುಳುಗಿದಾಗ ಈ ದಡದವರು ಈಚೆ, ಆ ದಡದವರು ಆಚೆ ಉಳಿಯುತ್ತಾರಲ್ಲ, ಹಾಗೆ ಕೆಲಸ ಒಂದು ದಡ, ಬಿಸ್ಕತ್ತು ಇನ್ನೊಂದು ದಡ ಆಗಿಬಿಡುತ್ತದೆ. ‘ಟಿಕ್’ ಅವೆರಡರ ನಡುವಿನ ಸೇತುವೆ. ಪಳಗಿಸುವವರ ಭಾಷೆಯಲ್ಲೂ ಅದಕ್ಕೆ ‘ಬ್ರಿಡ್ಜ್’ ಎಂದೇ ಹೆಸರು.

ಈ ಪದ್ಧತಿಯನ್ನು ರೂಢಿಗೆ ತಂದವರು ಅಮೆರಿಕದ ಮರಿಯನ್ ಮತ್ತು ಕೆಲರ್ ಬ್ರೆಲೆಂಡ್ ದಂಪತಿ. ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಅವರ ಶಿಷ್ಯರು. 1947ರಲ್ಲಿ ಅವರು ಪ್ರಾಣಿಗಳಿಗೆ ಪಾಠ ಹೇಳುವುದಕ್ಕಾಗಿಯೇ ಒಂದು ಕಂಪನಿ ತೆರೆದರು. ಕೋಳಿಗಳು ಪಿಯಾನೊ ಕುಟ್ಟಿದವು, ಹಂದಿಗಳು ಅಂಗಡಿಗೆ ಹೋಗಿ ಬಂದವು. ಆಮೇಲೆ ಕರೆನ್ ಪ್ರಯರ್ ಬಂದರು. 1963ರಲ್ಲಿ ಹವಾಯಿ ದ್ವೀಪದ ಒಂದು ಸಾಗರ ಉದ್ಯಾನದಲ್ಲಿ ಡಾಲ್ಫಿನ್‌ಗಳಿಗೆ ಕಲಿಸುವ ಹೊಣೆ ಅವರ ಹೆಗಲಿಗೆ ಬಿತ್ತು. ಡಾಲ್ಫಿನ್‌ಗೆ ಮೂಗುದಾರ ಹಾಕಲಾಗದು, ಚಾಟಿ ಬೀಸಲಾಗದು. ಬೇಸರವಾದರೆ ಅದು ಕೊಳದ ಆ ಮೂಲೆಗೆ ಈಜಿ ಹೋಗಿ ಬೆನ್ನು ತಿರುಗಿಸುತ್ತದೆ. ಉಳಿದದ್ದು ಎರಡೇ: ಒಂದು ಸೀಟಿ, ಒಂದು ಬಕೆಟ್ ಮೀನು. ಅಷ್ಟರಲ್ಲೇ ಡಾಲ್ಫಿನ್‌ಗಳು ಕಲಿತವು. ಆ ಅನುಭವವನ್ನೇ ಪ್ರಯರ್ ಮುಂದೆ ನಾಯಿ ಸಾಕುವವರಿಗೆ ತಿಳಿಸಿಕೊಟ್ಟರು. ಸೀಟಿಯ ಜಾಗಕ್ಕೆ ಕ್ಲಿಕ್ಕರ್ ಬಂತು.

ಈ ವಿದ್ಯೆಯ ಮಹಾಶಿಷ್ಯ ಯಾರು ಗೊತ್ತೇ? ಒಂದು ಇಲಿ! ಹೆಸರು ಮಗಾವಾ. ಆಫ್ರಿಕಾದ ದೊಡ್ಡ ಜಾತಿಯ ಇಲಿ, ಟಾಂಜಾನಿಯಾದಲ್ಲಿ ಕಲಿತದ್ದು. ಮದ್ದಿನ ವಾಸನೆ ಹಿಡಿದು ನೆಲ ಕೆರೆದರೆ ‘ಟಿಕ್’, ಕೂಡಲೇ ಒಂದು ಚೂರು ಬಾಳೆಹಣ್ಣು ಅಥವಾ ಶೇಂಗಾ. ಯುದ್ಧ ಮುಗಿದರೂ ನೆಲದಡಿ ಬಾಂಬುಗಳು ಉಳಿದುಹೋಗಿದ್ದ ಕಾಂಬೋಡಿಯಾದಲ್ಲಿ ಮಗಾವಾ ನೂರಕ್ಕೂ ಹೆಚ್ಚು ನೆಲಬಾಂಬ್ ಮತ್ತು ಸಿಡಿಯದ ಮದ್ದುಗುಂಡುಗಳನ್ನು ಪತ್ತೆ ಮಾಡಿತು. ಮೈ ಹಗುರ, ಹಾಗಾಗಿ ಬಾಂಬಿನ ಮೇಲೆ ನಡೆದರೂ ಅದು ಸಿಡಿಯದು. 2020ರಲ್ಲಿ ಬ್ರಿಟನ್ನಿನ ಪ್ರಾಣಿದಯಾ ಸಂಸ್ಥೆಯೊಂದು ಅದರ ಕೊರಳಿಗೆ ಚಿನ್ನದ ಪದಕ ಹಾಕಿತು. 2022ರಲ್ಲಿ ಮಗಾವಾ ತೀರಿಕೊಂಡಿತು.

ಮನೆಯಲ್ಲೇ ಮಾಡಿ ನೋಡಿ

ಕ್ಲಿಕ್ಕರ್ ಇಲ್ಲದಿದ್ದರೆ ಗುಂಡಿ ಒತ್ತುವ ಬಾಲ್‌ಪೆನ್ ಸಾಕು. ಮೊದಲ ದಿನ ಏನನ್ನೂ ಕಲಿಸಬೇಡಿ. ಟಿಕ್ ಅನ್ನಿಸಿ, ತಿಂಡಿ ಕೊಡಿ. ಟಿಕ್, ತಿಂಡಿ. ಹತ್ತು ಹದಿನೈದು ಸಲ. ಸದ್ದು ಕೇಳಿದ ಕೂಡಲೇ ಮರಿ ನಿಮ್ಮ ಕೈ ನೋಡಿದರೆ ಅದಕ್ಕೆ ಅರ್ಥವಾಯಿತು ಎಂದು ಲೆಕ್ಕ. ಆಮೇಲೆ ಕಾಯಬೇಕು. ಒತ್ತಿ ಕೂರಿಸಬಾರದು. ಅದು ತಾನಾಗಿ ಕುಳಿತ ಆ ಗಳಿಗೆಯಲ್ಲಿ ‘ಟಿಕ್’. ಹಿಂದೆಯೇ ತಿಂಡಿ. ತಿಂಡಿ ಕಡಲೆಕಾಳಿನಷ್ಟಿದ್ದರೆ ಸಾಕು. ಬೇಯಿಸಿದ ಮೊಟ್ಟೆಯ ಚೂರು, ರೊಟ್ಟಿಯ ತುಣುಕು ಆಗುತ್ತದೆ. ಚಾಕೊಲೇಟ್, ದ್ರಾಕ್ಷಿ, ಈರುಳ್ಳಿ ನಾಯಿಗೆ ವಿಷ, ಮರೆಯಬೇಡಿ. ಐದು ನಿಮಿಷಕ್ಕೆ ಪಾಠ ಮುಗಿಸಿ. ಕಿವಿಯ ಹತ್ತಿರ ಸದ್ದು ಮಾಡಬೇಡಿ. ಸುಮ್ಮನೆ ಆಟಕ್ಕೆ ಟಿಕ್‌ಟಿಕ್ ಅನ್ನಿಸುತ್ತಿದ್ದರೆ ಸದ್ದಿನ ಬೆಲೆ ಹೋಗುತ್ತದೆ. ಟಿಕ್ ಎಂದರೆ ಕೊಟ್ಟ ಮಾತು, ತಪ್ಪಬಾರದು.

ಸದ್ದಿಗಿಂತ ಬಾಯಿಮಾತೇ ಸಾಲದೇ ಎಂದು ಕೆಲವು ಅಜ್ಜಂದಿರು ಕೇಳಿಯಾರು. ಅವರ ಮಾತಿನಲ್ಲೂ ಹುರುಳಿದೆ. 2016ರಲ್ಲಿ ಇಟಲಿಯ ಸಂಶೋಧಕರು ಕ್ಲಿಕ್ಕರ್‌ನಿಂದ ಕಲಿತ ನಾಯಿಗಳನ್ನೂ ಒಂದು ಮಾತಿನಿಂದ ಕಲಿತ ನಾಯಿಗಳನ್ನೂ ಹೋಲಿಸಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ‘ಶಾಬಾಷ್’ ಎಂದರೂ ನಡೆಯುತ್ತದೆ, ಪ್ರತಿ ಸಲವೂ ಒಂದೇ ದನಿಯಲ್ಲಿ, ತಕ್ಕ ಕ್ಷಣದಲ್ಲಿ ಅಂದರೆ. ಅಲ್ಲೇ ಕಷ್ಟ ಇರುವುದು. ನಮ್ಮ ದನಿಯಲ್ಲಿ ಸಿಟ್ಟು, ದಣಿವು, ಅವಸರ ಎಲ್ಲ ಬೆರೆಯುತ್ತವೆ. ತಗಡಿನ ಕಪ್ಪೆಗೆ ಅವೇನೂ ಇಲ್ಲ.

ತಿಂಡಿಯ ವಿಷಯಕ್ಕೆ ಬರೋಣ. ದಿನವೂ ಉಪ್ಪಿಟ್ಟೇ ಆದರೆ ನಿಮಗೆ ಹೇಗೋ ನಾಯಿಗೂ ಹಾಗೆಯೇ. ಒಂದು ಸಲ ಮೊಟ್ಟೆ, ಒಂದು ಸಲ ರೊಟ್ಟಿ, ಇನ್ನೊಂದು ಸಲ ಚೆಂಡಿನಾಟ, ಮತ್ತೊಮ್ಮೆ ಕಿವಿಯ ಹಿಂದೆ ತುರಿಸುವುದು. ಮುಂದೇನು ಸಿಗುತ್ತದೋ ಎಂಬ ಕುತೂಹಲವೇ ಅರ್ಧ ಬಹುಮಾನ. ಇದು ಬಗೆಬಗೆಯ ಬಹುಮಾನ. ಇದರ ತಮ್ಮನೊಬ್ಬನಿದ್ದಾನೆ: ಆಗೊಮ್ಮೆ ಈಗೊಮ್ಮೆ ಸಿಗುವ ಬಹುಮಾನ. ಅವನು ಅಣ್ಣನಿಗಿಂತ ಭಾರೀ ಶಕ್ತಿವಂತ.

ಅವನ ಬಲ ಗೊತ್ತಾದದ್ದು ಒಂದು ಶನಿವಾರ, ಅದೂ ಸೋಮಾರಿತನದಿಂದ. 1930ರ ದಶಕದ ಆರಂಭ. ಸ್ಕಿನ್ನರ್ ಆಗ ಇಲಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. ಇಲಿ ಸನ್ನೆಕೋಲು ಒತ್ತಿದರೆ ಒಂದು ತಿಂಡಿ ಗುಳಿಗೆ ಬೀಳುತ್ತಿತ್ತು. ಆ ಗುಳಿಗೆಗಳನ್ನು ಅವರೇ ಕೂತು ಮಾಡಬೇಕಿತ್ತು. ಆ ಮಧ್ಯಾಹ್ನ ನೋಡಿದರೆ ಸೋಮವಾರದವರೆಗೆ ಸಾಲುವಷ್ಟು ಗುಳಿಗೆಯಿಲ್ಲ. ರಜೆಯ ದಿನ ಯಾರು ಉಂಡೆ ಕಟ್ಟುತ್ತಾರೆ? ಪ್ರತಿ ಒತ್ತುವಿಕೆಗೆ ಬದಲು ನಿಮಿಷಕ್ಕೊಂದು ಕೊಟ್ಟರೇನು ಎಂದುಕೊಂಡರು. ಇಲಿಗಳು ಮುನಿಸಿಕೊಳ್ಳಲಿಲ್ಲ, ಒತ್ತುತ್ತಲೇ ಇದ್ದವು. ಮುಂದೆ ಪಾರಿವಾಳಗಳ ಪ್ರಯೋಗದಲ್ಲಿ ಇನ್ನೂ ಸ್ಪಷ್ಟವಾಯಿತು: ಯಾವಾಗ ಸಿಗುತ್ತದೆಂದು ಗೊತ್ತಾಗದಂತೆ ಕೊಟ್ಟರೆ, ಕೊಡುವುದನ್ನು ನಿಲ್ಲಿಸಿದ ಮೇಲೂ ಪ್ರಾಣಿ ಬಹಳ ಹೊತ್ತು ಪಟ್ಟು ಬಿಡದೆ ಪ್ರಯತ್ನಿಸುತ್ತದೆ. ಮೊಬೈಲ್ ‘ಟಿಂಗ್’ ಅಂದ ಕೂಡಲೇ ಮೊಮ್ಮಗನಿಗಿಂತ ಮುಂಚೆ ತಾತನ ಕೈ ಕನ್ನಡಕಕ್ಕೆ ಹೋಗುವುದೂ ಇದೇ ಕಾರಣಕ್ಕೆ. ಹತ್ತರಲ್ಲಿ ಒಂಬತ್ತು ಬರೀ ಶುಭೋದಯದ ಹೂವು. ಒಂದು ಮಾತ್ರ ಮಗಳ ಸಂದೇಶ.

ಹೊಸದಾಗಿ ಕಲಿಸುವವರು ಈ ತಮ್ಮನ ಸಹವಾಸಕ್ಕೆ ಅವಸರ ಮಾಡಬಾರದು ಎಂಬುದು ನನ್ನ ಅಭಿಪ್ರಾಯ. ಪಾಠ ಗಟ್ಟಿಯಾಗುವ ಮೊದಲೇ ಬಹುಮಾನ ಕಡಿಮೆ ಮಾಡಿದರೆ ಮರಿಗೆ ಗೊಂದಲ. ಗಟ್ಟಿಯಾದ ಮೇಲೆ ಚೆನ್ನಾಗಿ ಮಾಡಿದ್ದಕ್ಕೆ ಮಾತ್ರ ಟಿಕ್ ಅನ್ನಿಸುತ್ತಾ ಬಂದರಾಯಿತು.

ಹಂಪಿಯ ಮಂಗಗಳಿಗೆ ಪಾಠ ಹೇಳಿದವರು ಯಾರು?

ಹಂಪಿಗೆ ಹೋದವರಿಗೆಲ್ಲ ಗೊತ್ತು. ವಿರೂಪಾಕ್ಷ ಗುಡಿಯ ಸುತ್ತಮುತ್ತ, ಹೊಳೆಯಾಚೆ ಆನೆಗೊಂದಿಯ ಅಂಜನಾದ್ರಿ ಮೆಟ್ಟಿಲುಗಳ ಮೇಲೆ ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ನಡೆದರೆ ಮಂಗ ಎಲ್ಲಿಂದಲೋ ಪ್ರತ್ಯಕ್ಷ. ಬಟ್ಟೆಯ ಜೋಳಿಗೆ ತೂಗುಹಾಕಿಕೊಂಡವರಿಗಿಂತ ‘ಚರಚರ’ ಸದ್ದು ಮಾಡುವ ಚೀಲದವರ ಮೇಲೆ ಅದಕ್ಕೆ ಕಣ್ಣು. ಗಮನಿಸಿ ನೋಡಿ: ಆ ಚರಚರವೇ ಅಲ್ಲಿನ ಕ್ಲಿಕ್ಕರ್! ಚೀಲ ಸದ್ದಾಯಿತು, ಬಾಳೆಹಣ್ಣು ಬಂತು. ಇನ್ನೊಮ್ಮೆ ಸದ್ದಾಯಿತು, ಬಿಸ್ಕತ್ತು. ಮತ್ತೊಮ್ಮೆ ತೆಂಗಿನ ಚೂರು. ಕೆಲವೊಮ್ಮೆ ಏನೂ ಇಲ್ಲ. ಬಗೆಬಗೆಯ ಬಹುಮಾನ, ಆಗೊಮ್ಮೆ ಈಗೊಮ್ಮೆ. ಅಣ್ಣ-ತಮ್ಮ ಇಬ್ಬರೂ ಒಟ್ಟಿಗೆ ಬಂದು ಕೂತಿದ್ದಾರೆ. ಯಾವ ಪಂಡಿತನೂ ಇದಕ್ಕಿಂತ ಚೆನ್ನಾಗಿ ಪಾಠ ಕಲಿಸಲಾರ. ಮೇಷ್ಟ್ರುಗಳು ನಾವೇ, ಯಾತ್ರಿಕರು ಮತ್ತು ಪ್ರವಾಸಿಗರು.

ಹಣ್ಣು ಕೊಡುವವರ ಮನಸ್ಸು ಕೆಟ್ಟದ್ದಲ್ಲ. ಕಿಷ್ಕಿಂಧೆ ಎಂದು ನಂಬಿದ ನೆಲದಲ್ಲಿ, ಹನುಮಂತನ ಹೆಸರಿನಲ್ಲಿ ಕೊಡುತ್ತಾರೆ. ಆದರೆ ಮಂಗ ಕಲಿಯುವುದು ಕೊಡುವವರ ಮನಸ್ಸನ್ನಲ್ಲ, ತನಗೆ ಸಿಕ್ಕಿದ್ದನ್ನು. ಕೇಳಿದಾಗ ಸಿಕ್ಕಿತು, ಕಿತ್ತುಕೊಂಡಾಗ ಇನ್ನೂ ಬೇಗ ಸಿಕ್ಕಿತು. ಮಗುವಿನ ಕೈಯಿಂದ ಕಿತ್ತುಕೊಳ್ಳುವುದು ಎಲ್ಲಕ್ಕಿಂತ ಸುಲಭ. ಹೀಗೆ ಒಂದು ದಿನ ಪರಚುವುದು, ಕಚ್ಚುವುದು ಆಗುತ್ತದೆ. ಆಗ ನಾವು ‘ಮಂಗನ ಹಾವಳಿ’ ಎಂದು ಕರೆಯುತ್ತೇವೆ, ಬೋನು ತರಿಸುತ್ತೇವೆ.

ಇಂಡೋನೇಷ್ಯಾದ ಬಾಲಿ ದ್ವೀಪದ ಉಲುವಾಟು ದೇವಾಲಯದ ಮಂಗಗಳು ಇನ್ನೂ ಮುಂದೆ ಹೋಗಿವೆ. ಅವು ಕನ್ನಡಕ, ಮೊಬೈಲ್, ಚಪ್ಪಲಿ ಕದ್ದು, ತಿಂಡಿ ಕೊಟ್ಟ ಮೇಲೆ ವಾಪಸು ಕೊಡುತ್ತವೆ. 2021ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಬಲಿತ ಮಂಗಗಳಿಗೆ ಯಾವ ವಸ್ತುವಿಗೆ ಜನ ಹೆಚ್ಚು ಪರದಾಡುತ್ತಾರೆಂಬುದೂ ಗೊತ್ತು. ಅಂಥದ್ದನ್ನೇ ಆರಿಸಿ ಕದಿಯುತ್ತವೆ, ಒಳ್ಳೆಯ ತಿಂಡಿ ಬರುವವರೆಗೆ ಬಿಡುವುದಿಲ್ಲ. ಚೌಕಾಸಿ ಮಾಡುವ ಈ ಜಾಣತನವನ್ನು ಮರಿಗಳು ವರ್ಷಗಟ್ಟಲೆ ನೋಡಿ ನೋಡಿ ಕಲಿಯುತ್ತವೆ.

ಕಲಿಸಿದ್ದನ್ನು ಮರೆಸಬಹುದೇ? ಬಹುದು. ಆದರೆ ಕಷ್ಟ. ಕೊಡುವುದನ್ನು ನಿಲ್ಲಿಸಿದ ಮೊದಲ ದಿನಗಳಲ್ಲಿ ಹಾವಳಿ ಕಡಿಮೆಯಾಗುವುದಿಲ್ಲ, ಜಾಸ್ತಿಯಾಗುತ್ತದೆ. ‘ಸಿಗುತ್ತಿತ್ತಲ್ಲ, ಇನ್ನೂ ಜೋರಾಗಿ ಕೇಳೋಣ’ ಎಂಬುದು ಮಂಗನ ತರ್ಕ. ಅಂಗಡಿಯ ಮುಂದೆ ಚಾಕೊಲೇಟಿಗೆ ಅಳುವ ತಮ್ಮನನ್ನು ನೆನಪಿಸಿಕೊಳ್ಳಿ. ಅಮ್ಮ ಕೊಡಿಸುವುದಿಲ್ಲ ಎಂದಾಗ ಮೊದಲು ದನಿ ಏರುತ್ತದೆ, ಇಳಿಯುವುದು ಆಮೇಲೆ. ಆ ಏರಿದ ದನಿಗೆ ಸೋತು ಒಬ್ಬರು ಕೊಟ್ಟರೋ, ತೀರಿತು. ನೂರು ಜನ ಕೊಡದೆ ನೂರಾ ಒಂದನೆಯವರು ಕೊಟ್ಟರೂ ಅದು ‘ಆಗೊಮ್ಮೆ ಈಗೊಮ್ಮೆ’ಯ ಪಾಠವೇ. ಪಟ್ಟು ಇನ್ನೂ ಗಟ್ಟಿಯಾಗುತ್ತದೆ.

ಹಾಗಾಗಿ ಹಂಪಿಗೆ ಹೋಗುವಾಗ ತಿಂಡಿಯನ್ನು ಜಿಪ್ ಇರುವ ಚೀಲದ ಒಳಗಿಡಿ. ಕಾಡಿನ ಹಣ್ಣು, ಎಲೆ, ಕಾಳು ಹುಡುಕಿ ತಿನ್ನುವುದು ಮಂಗಕ್ಕೆ ಬರುತ್ತದೆ. ಅದು ಹತ್ತಿರ ಬಂದರೆ ಓಡಬೇಡಿ, ಹಲ್ಲು ಕಿರಿದು ನಗಬೇಡಿ, ಅದಕ್ಕೆ ಹಲ್ಲು ಕಿರಿಯುವುದು ನಗೆಯಲ್ಲ. ಎರಡೂ ಅಂಗೈ ತೆರೆದು ಖಾಲಿ ಎಂದು ತೋರಿಸಿ, ಮೆಲ್ಲಗೆ ಸರಿದುಹೋಗಿ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು 15 ನಿಮಿಷ ಸೋಪು-ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಅರಿಸಿನ ಮೆತ್ತಿ ಸುಮ್ಮನಾಗುವ ವಿಷಯವಲ್ಲ.

ಅದೇ ಗುಡಿಯಲ್ಲಿ ಇನ್ನೊಬ್ಬಳಿದ್ದಾಳೆ, ಲಕ್ಷ್ಮಿ. ವಿರೂಪಾಕ್ಷನ ಆನೆ. ಬೆಳಿಗ್ಗೆ ತುಂಗಭದ್ರೆಯಲ್ಲಿ ಮೈತೊಳೆಸಿಕೊಳ್ಳುವ ಅವಳನ್ನು ನೋಡಲು ಜನ ಸೇರುತ್ತಾರೆ. ಸೊಂಡಿಲಿಗೆ ನಾಣ್ಯ ಇಟ್ಟರೆ ಅದನ್ನು ಮಾವುತನಿಗೆ ದಾಟಿಸಿ ನಿಮ್ಮ ತಲೆಯ ಮೇಲೆ ಸೊಂಡಿಲಿಟ್ಟು ಆಶೀರ್ವಾದ ಮಾಡುತ್ತಾಳೆ. ಬಾಳೆಹಣ್ಣು ಇಟ್ಟರೆ? ಅದು ನೇರ ಬಾಯಿಗೆ. ಯಾವುದು ಯಾರಿಗೆ ಎಂಬುದರಲ್ಲಿ ಗೊಂದಲವೇ ಇಲ್ಲ.

ಇದು ಸಣ್ಣ ವಿದ್ಯೆ ಅಂದುಕೊಳ್ಳಬೇಡಿ. ಬ್ರೆಲೆಂಡ್ ದಂಪತಿ ಒಮ್ಮೆ ಒಂದು ರಕೂನ್‌ಗೆ ನಾಣ್ಯವನ್ನು ಹುಂಡಿಗೆ ಹಾಕಲು ಕಲಿಸಹೋದರು. ರಕೂನ್ ಎಂದರೆ ಬೆಕ್ಕಿಗಿಂತ ತುಸು ದೊಡ್ಡದಾದ, ಕಣ್ಣಿನ ಸುತ್ತ ಕಪ್ಪು ಪಟ್ಟಿಯಿರುವ ಅಮೆರಿಕದ ಪ್ರಾಣಿ. ನೀರಿನಲ್ಲಿ ಸಿಕ್ಕ ಆಹಾರವನ್ನು ಮುಂಗೈಗಳಲ್ಲಿ ಉಜ್ಜಿ ಉಜ್ಜಿ ತಿನ್ನುವುದು ಅದರ ಹುಟ್ಟುಗುಣ. ಒಂದು ನಾಣ್ಯ ಕೊಟ್ಟಾಗ ಕಷ್ಟಪಟ್ಟು ಹಾಕಿತು. ಎರಡು ಕೊಟ್ಟಾಗ ಬಿಡಲೊಲ್ಲದು! ಜಿಪುಣ ಸಾಹುಕಾರನ ಹಾಗೆ ಎರಡನ್ನೂ ಉಜ್ಜುತ್ತಾ ಕೂತಿತು, ತಿಂಡಿ ಸಿಗದಿದ್ದರೂ ಸರಿ. 1961ರಲ್ಲಿ ದಂಪತಿ ಇಂಥ ಕಥೆಗಳನ್ನು ಒಂದು ಲೇಖನದಲ್ಲಿ ಬರೆದು, ಪ್ರತಿ ಜಾತಿಗೂ ತನ್ನದೇ ಗುಣವಿದೆ, ಬಹುಮಾನದಿಂದ ಎಲ್ಲವನ್ನೂ ಅಳಿಸಲಾಗದು ಎಂದು ತೋರಿಸಿದರು. ಸೊಂಡಿಲಿನಲ್ಲಿ ಎತ್ತಿ ದಾಟಿಸುವುದು ಆನೆಗೆ ಸಹಜ. ರಕೂನ್‌ಗೆ ಬಿಡುವುದೇ ಕಷ್ಟ.

ಈ ನೆಲದ ಆನೆಗಳು ಹಿಂದೆ ಇನ್ನೂ ದೊಡ್ಡ ಆಟ ತೋರಿಸಿದ್ದವು. 1443ರಲ್ಲಿ ಇಮ್ಮಡಿ ದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಹಬ್ಬದಲ್ಲಿ ಕಂಡದ್ದನ್ನು ಬರೆದಿಟ್ಟಿದ್ದಾನೆ. ಎತ್ತರದ ಕಂಬಕ್ಕೆ ಅಡ್ಡಲಾಗಿ ತಕ್ಕಡಿಯಂತೆ ತೊಲೆ. ಒಂದು ತುದಿಗೆ ಆನೆಯಷ್ಟೇ ತೂಕದ ಕಲ್ಲು, ಇನ್ನೊಂದು ತುದಿಯ ಹಲಗೆಯ ಮೇಲೆ ಆನೆ! ತೊಲೆ ಮೇಲೆ ಕೆಳಗೆ ತೂಗುತ್ತಿದ್ದರೆ ಆನೆ ಹಾಡಿಗೆ ತಕ್ಕ ಹಾಗೆ ಆಡುತ್ತಿತ್ತು.

ಆನೆ ಎಂದ ಕೂಡಲೇ ಅಂಕುಶ ನೆನಪಾಗುತ್ತದೆ. ಅದಿಲ್ಲದ ದಾರಿಯೂ ಇದೆ. ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ 1990ರ ಆಸುಪಾಸಿನಿಂದ ಆನೆ ಒಂದು ಕಡೆ, ಮನುಷ್ಯ ಗಟ್ಟಿ ತಡೆಯ ಇನ್ನೊಂದು ಕಡೆ ನಿಂತು ಕಲಿಸುವ ಪದ್ಧತಿ ಬೆಳೆಯಿತು. ಆನೆ ತಾನಾಗಿ ಕಾಲನ್ನು ಕಿಂಡಿಯಿಂದ ಹೊರಗಿಡುತ್ತದೆ, ಉಗುರು ತೆಗೆಸಿಕೊಳ್ಳುತ್ತದೆ, ಹಣ್ಣು ತಿನ್ನುತ್ತದೆ. ಮನಸ್ಸಿಲ್ಲದಿದ್ದರೆ ನಡೆದುಹೋಗುತ್ತದೆ, ಯಾರೂ ಬೈಯುವುದಿಲ್ಲ. ಈಗ ಹಲವು ದೇಶಗಳ ಮೃಗಾಲಯಗಳಲ್ಲಿ ಹುಲಿಗಳೂ ಹೀಗೆಯೇ ಕಂಬಿಗೆ ಮೈಯೊತ್ತಿ ನಿಂತು ಸೂಜಿ ಚುಚ್ಚಿಸಿಕೊಳ್ಳುತ್ತವೆ.

ಬೀದಿಯ ಕರಡಿ, ಬಂಡೆಯ ಕರಡಿ

ಡುಬುಡುಬು ಸದ್ದು ಕೇಳಿದರೆ ಮಕ್ಕಳೆಲ್ಲ ಬೀದಿಗೆ ಓಡುತ್ತಿದ್ದ ಕಾಲವೊಂದಿತ್ತು. ಕರಡಿ ಆಡಿಸುವವರು ಬಂದಿದ್ದಾರೆ! ಮೂಗಿಗೆ ಹಗ್ಗ, ಹಿಂಗಾಲ ಮೇಲೆ ಕುಣಿತ, ಕೊನೆಗೆ ಮಗುವಿನ ಕೊರಳಿಗೆ ಕರಡಿ ಕೂದಲಿನ ತಾಯಿತ. ಹಿರಿಯರು ಇದನ್ನು ನಗುತ್ತಾ ಹೇಳುತ್ತಾರೆ, ಅವರು ಮಕ್ಕಳಾಗಿದ್ದಾಗ ಕಂಡದ್ದು ಅಷ್ಟೇ. ಕಾಣದೆ ಇದ್ದದ್ದು ಬೇರೆ. ತಾಯಿಯಿಂದ ಕಿತ್ತು ತಂದ ಮರಿಯ ಮೂತಿಯನ್ನು ಕಾದ ಕಬ್ಬಿಣದಿಂದ ತೂತು ಮಾಡಿ ಆ ಗಾಯದೊಳಗೆ ಹಗ್ಗ ಪೋಣಿಸುತ್ತಿದ್ದರು. ಹಗ್ಗ ಜಗ್ಗಿದಾಗ ನೋವು ತಾಳಲಾರದೆ ಅದು ಎದ್ದು ನಿಲ್ಲುತ್ತಿತ್ತು. ನಾವು ಅದನ್ನು ಕುಣಿತ ಎಂದೆವು. ಅಲ್ಲಿಯೂ ಪಾಠವಿತ್ತು, ಆದರೆ ಕಲಿಸುತ್ತಿದ್ದದ್ದು ನೋವು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೂ ಇದು ಕೂಡಲೇ ನಿಲ್ಲಲಿಲ್ಲ. ಕರಡಿ ಆಡಿಸುತ್ತಿದ್ದ ಕಲಂದರ್ ಜನರಿಗೆ ತಲೆತಲಾಂತರದಿಂದ ಅದೊಂದೇ ಅನ್ನ. ಅವರಿಗೆ ಬೇರೆ ದುಡಿಮೆ ಮಾಡಿಕೊಟ್ಟು, ಮಕ್ಕಳನ್ನು ಶಾಲೆಗೆ ಸೇರಿಸಿ, ಕರಡಿಗಳನ್ನು ಬಿಡಿಸಿಕೊಳ್ಳುವ ಕೆಲಸ ವರ್ಷಗಟ್ಟಲೆ ನಡೆಯಿತು. ಬೀದಿಯ ಕೊನೆಯ ಕರಡಿಗಳಲ್ಲಿ ಒಂದಾದ ರಾಜು 2009ರ ಡಿಸೆಂಬರ್‌ನಲ್ಲಿ ನಮ್ಮ ಬನ್ನೇರುಘಟ್ಟದ ರಕ್ಷಣಾ ಕೇಂದ್ರಕ್ಕೆ ಬಂದಿತು. ಅಲ್ಲಿ ಅದರ ಮೂಗಿನ ಹಗ್ಗ ಕತ್ತರಿಸಿದರು.

ಅದೇ ಜಾತಿಯ ಕರಡಿಗಳನ್ನು ಹಗ್ಗವಿಲ್ಲದೆ ನೋಡಬೇಕೆಂದರೆ ದರೋಜಿಗೆ ಹೋಗಬೇಕು. ಹೊಸಪೇಟೆ, ಸಂಡೂರು, ಕಂಪ್ಲಿ ಮೂರೂ ಊರಿನವರಿಗೆ ಹತ್ತಿರ. ಬಂಡೆಗುಡ್ಡಗಳು, ಮುಳ್ಳುಕಂಟಿಯ ಕುರುಚಲು ಕಾಡು. 1994ರಲ್ಲಿ ಅದು ಕರಡಿಧಾಮವಾಯಿತು. ಕರಡಿಗೆ ಮುಖ್ಯ ಊಟ ಗೆದ್ದಲು, ಇರುವೆ, ಜೇನು, ಕವಳೆ, ಬಾರಿಹಣ್ಣು. ಗೆದ್ದಲ ಹುತ್ತಕ್ಕೆ ಮೂತಿಯಿಟ್ಟು ಸೊರ್ರೆಂದು ಹೀರುವ ಸದ್ದು ದೂರಕ್ಕೂ ಕೇಳುತ್ತದೆ.

ಅಲ್ಲಿ ಮಧ್ಯಾಹ್ನ ಅರಣ್ಯ ಸಿಬ್ಬಂದಿ ಗುಡ್ಡದ ಬಂಡೆಗಳ ಮೇಲೆ ಬೆಲ್ಲ, ಜೇನಿನಂಥ ಸಿಹಿಪಾಕ ಸವರಿ ಬರುತ್ತಾರೆ. ಎದುರಿನ ವೀಕ್ಷಣಾ ಗೋಪುರದಲ್ಲಿ ಜನ ಉಸಿರು ಬಿಗಿಹಿಡಿದು ಕೂತಿರುತ್ತಾರೆ. ಬಿಸಿಲು ಇಳಿಯುತ್ತಿದ್ದಂತೆ ಬಂಡೆಯ ಸಂದಿಯಿಂದ ಒಂದು ಕಪ್ಪು ಮೈ ಹೊರಬರುತ್ತದೆ. ಒಮ್ಮೊಮ್ಮೆ ಬೆನ್ನ ಮೇಲೆ ಮರಿಗಳು.

ಹಂಪಿಯ ಮಂಗಕ್ಕೂ ಈ ಕರಡಿಗೂ ಮನುಷ್ಯರೇ ಸಿಹಿ ಕೊಟ್ಟದ್ದು, ಹಾಗಾದರೆ ಇದು ತಪ್ಪಲ್ಲವೇ ಎಂದು ಚುರುಕು ಮಕ್ಕಳು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಕಾಡುಪ್ರಾಣಿಗೆ ಬೆಲ್ಲದ ರುಚಿ ಹತ್ತಿಸುವ ಬಗ್ಗೆ ನನಗೂ ಪೂರ್ತಿ ಸಮಾಧಾನವಿಲ್ಲ. ಆದರೂ ಒಂದು ವ್ಯತ್ಯಾಸವಿದೆ. ಮಂಗ ಕಲಿತದ್ದು ಮನುಷ್ಯನ ಕೈಯನ್ನು, ಕರಡಿ ಕಲಿತದ್ದು ಒಂದು ಬಂಡೆಯನ್ನು, ಒಂದು ಹೊತ್ತನ್ನು. ಪಾಕ ಸವರಿದವರು ಅಷ್ಟು ಹೊತ್ತಿಗೆ ಇಳಿದು ಹೋಗಿರುತ್ತಾರೆ. ನೋಡುವವರು ದೂರದಲ್ಲಿ. ಕೈ ಕಾಣದಿದ್ದರೆ ಕೈಯ ಹಿಂದೆ ಬರುವ ಕಲಿಕೆಯೂ ಇಲ್ಲ.

ನೋಡಲು ಹೋಗುವವರು ಮಧ್ಯಾಹ್ನವೇ ತಲುಪಿದರೆ ಒಳ್ಳೆಯದು. ಬೈನಾಕ್ಯುಲರ್ ಇದ್ದರೆ ತನ್ನಿ. ಗೋಪುರದಲ್ಲಿ ಪಿಸುಮಾತು ಮಾತ್ರ, ಚಿಪ್ಸ್ ಪೊಟ್ಟಣ ಗಾಡಿಯಲ್ಲೇ ಇರಲಿ. ಕೆಲವು ದಿನ ನಾಲ್ಕಾರು ಕರಡಿಗಳು ಬರುತ್ತವೆ. ಕೆಲವು ದಿನ ನವಿಲು, ಕವುಜುಗ, ಮುಂಗುಸಿಗಳೇ ಪಾಕ ನೆಕ್ಕಿ ಹೋಗುತ್ತವೆ, ಕರಡಿ ಸುಳಿಯುವುದೇ ಇಲ್ಲ. ಹಾಗೆ ಬರಿಗೈಯಲ್ಲಿ ಮರಳಿದವರೇ ಮುಂದಿನ ಭಾನುವಾರ ಮತ್ತೆ ಬಂದು ಅದೇ ಗೋಪುರ ಹತ್ತುತ್ತಾರೆ.